ಆಶ್ರಯವೂ ಸಂಘವೂ: ಹೆಣ್ಣುಮಕ್ಕಳ ಫುಟ್‌ಬಾಲಿನ ಒಂದು ಕಥನ

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೊರಟ ರೈಲು ಪಾಪಿನಾಯಕನಹಳ್ಳಿಯನ್ನೂ ಬಯಲುವದ್ದಿಗೇರಿಯನ್ನೂ ದಾಟಿ ಗಾದಿಗನೂರಿಗೆ ಬರುತ್ತದೆ. ಊರಿನ ಬೆನ್ನಿಗೆ ಹಂಪಿಯ ಬಂಡೆಗಳು, ಎದುರಿಗೆ ತೋರಣಗಲ್ಲಿನ ಉಕ್ಕಿನ ಕುಲುಮೆಗಳು, ದಕ್ಷಿಣಕ್ಕೆ ಸಂಡೂರಿನ ಕೆಂಪು ಗುಡ್ಡಸಾಲು. ಅಳಿದ ರಾಜಧಾನಿಗೂ ಬೆಳೆದ ಕಾರ್ಖಾನೆ ಪಟ್ಟಣಕ್ಕೂ ನಡುವೆ ನಿಂತ ಊರು ಇದು. ಇವೆರಡರ ನಡುವೆ ಸರಿದುಹೋದ ಐದು ಶತಮಾನಗಳಲ್ಲಿ ಹೆಣ್ಣು ಆಟದ ಕಣಕ್ಕೆ ಇಳಿದದ್ದು, ಕಣದಿಂದ ಮರೆಯಾದದ್ದು, ಕೊನೆಗೆ ಚೆಂಡಿನ ಬೆನ್ನು ಹತ್ತಿ ಮರಳಿದ್ದು ಹೇಗೆಂಬುದೇ ಈ ಕಥನ.

ವಿಜಯನಗರದ ಅರಸರ ಕಾಲದಲ್ಲಿ ಮಹಾನವಮಿ ಬಂತೆಂದರೆ ರಾಜಧಾನಿಯೇ ಒಂದು ಕಣವಾಗುತ್ತಿತ್ತು. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಆ ಒಂಬತ್ತು ದಿನಗಳ ವೈಭವವನ್ನು ಕಂಡು ಬರೆದಿಟ್ಟ. ಜಟ್ಟಿಗಳ ಕಾಳಗದಲ್ಲಿ ಹಲ್ಲು ಮುರಿಯುವಂಥ ಪೆಟ್ಟುಗಳು ಬೀಳುತ್ತಿದ್ದುದನ್ನೂ ಅವನು ಮರೆಯಲಿಲ್ಲ. ಅಚ್ಯುತರಾಯನ ಕಾಲದಲ್ಲಿ ಬಂದ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಇನ್ನೂ ಒಳಗೆ ಇಣುಕಿದ. ಅರಮನೆಯ ಆವರಣದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರು ಇದ್ದರೆಂದೂ, ಅವರಲ್ಲಿ ಖರ್ಚುವೆಚ್ಚದ ಲೆಕ್ಕ ಬರೆಯುವವರು, ರಾಜ್ಯದ ಆಗುಹೋಗುಗಳನ್ನು ದಾಖಲಿಸುವವರು, ಜ್ಯೋತಿಷ್ಯ ಹೇಳುವವರು, ರಾತ್ರಿ ಕಾವಲು ಕಾಯುವವರು ಇದ್ದರೆಂದೂ ಅವನ ಬರಹ ಹೇಳುತ್ತದೆ. ಅದೇ ಸಾಲಿನಲ್ಲಿ ಕುಸ್ತಿಯಾಡುವ ಹೆಂಗಸರೂ ಬರುತ್ತಾರೆ.

ಆದರೆ ಆ ಕುಸ್ತಿಗಾರ್ತಿಯರಲ್ಲಿ ಒಬ್ಬಳ ಹೆಸರನ್ನೂ ನೂನಿಜ್ ಬರೆಯಲಿಲ್ಲ. ಅವರಿಗೆ ಪಟ್ಟು ಕಲಿಸಿದವರು ಯಾರು, ಅವರು ಯಾರಿಗೆ ಕಲಿಸಿದರು ಎಂಬುದೂ ಅವನ ಬರಹದಲ್ಲಿಲ್ಲ. ಅವರು ಅರಮನೆಯ ಆಶ್ರಯದಲ್ಲಿದ್ದರು. ಅರಮನೆ ಇರುವವರೆಗೆ ಅವರ ಆಟವೂ ಇತ್ತು. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ಸಾಮ್ರಾಜ್ಯದ ಬೆನ್ನೆಲುಬು ಮುರಿದು ಪಟ್ಟಣ ಬೆಂಕಿಗೆ ಬಿದ್ದಾಗ ಅರಮನೆಯೊಂದಿಗೆ ಆ ಆಶ್ರಯವೂ ಹೋಯಿತು. ಈ ಸೀಮೆಯ ಊರೂರಿನ ಗರಡಿಮನೆಗಳಲ್ಲಿ ಗಂಡಸರ ಕುಸ್ತಿ ಉಳಿದುಕೊಂಡಿತು, ಏಕೆಂದರೆ ಗರಡಿಗೆ ಗುರುವಿದ್ದ, ಶಿಷ್ಯರಿದ್ದರು, ವರ್ಷವರ್ಷವೂ ಜಾತ್ರೆಯಿತ್ತು. ಹೆಂಗಸರಿಗೆ ಅಂಥ ಗರಡಿ ಇರಲಿಲ್ಲ.

ಮುಂದೆ ಬ್ರಿಟಿಷರ ದಂಡು ಬಂತು. ಬಳ್ಳಾರಿಯೂ ಬೆಂಗಳೂರೂ ದಂಡಿನ ಪ್ರದೇಶಗಳಾದವು. ಸೈನಿಕರ ಬೂಟಿನ ಜೊತೆಗೆ ಫುಟ್‌ಬಾಲೂ ಬಂತು. 1888ರಲ್ಲಿ ಸಿಮ್ಲಾದಲ್ಲಿ ಡ್ಯೂರಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ ಆರಂಭವಾದವು. ನೋಡಿ ಕಲಿತ ನಾಡಿನ ಹುಡುಗರು ಬೇಗನೆ ದೊರೆಗಳ ಎದುರಿಗೇ ನಿಂತರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತಂದಿತು, ಕೊನೆಯದು 1968-69ರಲ್ಲಿ. ಆ ಗೆಲುವುಗಳ ಹಿಂದೆ ಬೆಂಗಳೂರು ದಂಡಿನ ಓಣಿಗಳಲ್ಲಿ ಹುಟ್ಟಿದ ಕ್ಲಬ್‌ಗಳಿದ್ದವು. ಓಣಿಗೊಂದು ಕ್ಲಬ್, ಕ್ಲಬ್ಬಿಗೊಂದು ಬಣ್ಣ, ಸೋತರೆ ಮರುವಾರ ಮತ್ತೊಂದು ಪಂದ್ಯ. ಹೆಣ್ಣುಮಕ್ಕಳು ಮಾತ್ರ ಈ ಲೆಕ್ಕದ ಹೊರಗಿದ್ದರು.

ಇದು ನಮ್ಮ ನಾಡಿನದಷ್ಟೇ ಕಥೆಯಲ್ಲ. ಫುಟ್‌ಬಾಲಿನ ತವರಾದ ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಡಿಕ್ ಕೆರ್ ಕಾರ್ಖಾನೆಯ ಹೆಂಗಸರ ಪಂದ್ಯ ನೋಡಲು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ 53,000 ಜನ ನೆರೆದಿದ್ದರು. ವರ್ಷ ತುಂಬುವುದರೊಳಗೆ ಅಲ್ಲಿನ ಫುಟ್‌ಬಾಲ್ ಮಂಡಳಿ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡಬಾರದೆಂದು ಕಟ್ಟಪ್ಪಣೆ ಮಾಡಿತು. ಆ ನಿಷೇಧ ತೆರವಾಗಲು ಸುಮಾರು 50 ವರ್ಷ ಬೇಕಾಯಿತು. ಇಂಗ್ಲೆಂಡಿನಲ್ಲಿ ಕಟ್ಟಪ್ಪಣೆ ಹೊರಟಿತು. ಭಾರತದಲ್ಲಿ ಅದರ ಅಗತ್ಯವೇ ಬೀಳಲಿಲ್ಲ, ಮನೆಯ ಹೊಸಿಲೇ ಸಾಕಾಗಿತ್ತು.

ಹೊಸಿಲು ದಾಟಿದ ಕಾಲ 1975. ಆ ವರ್ಷ ಭಾರತ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು. ಉತ್ತರ ಪ್ರದೇಶದ ಬೇಗಂ ಹಮೀದಾ ಹಬೀಬುಲ್ಲಾ ಅದರ ಅಧ್ಯಕ್ಷೆಯಾದರು. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಸುಲ್ತಾನ್‌ಪುರದಲ್ಲಿ ನಡೆಯಿತು. 1937ರಿಂದಲೂ ಇದ್ದ ಗಂಡಸರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಈ ಕೂಸನ್ನು ಎತ್ತಿಕೊಳ್ಳಲಿಲ್ಲ. ಹೀಗಾಗಿ ಹೆಂಗಸರ ಸಂಸ್ಥೆ ಏಷ್ಯಾದ ಮಹಿಳಾ ಒಕ್ಕೂಟದ ಜೊತೆ ಸೇರಿ ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತು. ಈಸ್ಟ್ ಬೆಂಗಾಲ್ ತಂಡವನ್ನು ಪಳಗಿಸಿದ್ದ ಸುಶೀಲ್ ಭಟ್ಟಾಚಾರ್ಯ ಹುಡುಗಿಯರ ಮೊದಲ ಕೋಚ್ ಆಗಿ ಬಂದರು.

ಅದು ಬಡತನದ ಕಾಲ, ಆದರೆ ಗೆಲುವಿನ ಕಾಲವೂ ಹೌದು. ಆಟಗಾರ್ತಿಯರು ರಿಸರ್ವೇಷನ್ ಇಲ್ಲದ ರೈಲು ಡಬ್ಬಿಗಳಲ್ಲಿ ಪಯಣಿಸಿದರು, ಶಾಲೆಯ ಕೋಣೆಗಳಲ್ಲಿ ಮಲಗಿದರು. ಹಾಗೆ ಬಂದವರೇ 1980ರ ಜನವರಿಯಲ್ಲಿ ಕೋಯಿಕ್ಕೋಡಿನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದವರೆಗೆ ನಡೆದರು. ಭಾರತ ಅಲ್ಲಿ ಉತ್ತರ, ದಕ್ಷಿಣ ಎಂದು ಎರಡು ತಂಡಗಳನ್ನು ಇಳಿಸಿತ್ತು. ದಕ್ಷಿಣ ಎಂಬ ಹೆಸರಿನ ತಂಡ ಫೈನಲ್ ಮುಟ್ಟಿ ತೈವಾನಿಗೆ ಸೋತಿತು. 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರನೆಯ ಸ್ಥಾನ; 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ಎರಡನೆಯ ಸ್ಥಾನ. ಅದೇ 1983ರಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ್ತಿಯಾದರು. ಕರ್ನಾಟಕದ ಚಿತ್ರಾ ಗಂಗಾಧರನ್ ಭಾರತದ ಅಂಗಿ ತೊಟ್ಟು ಮುಂಚೂಣಿಯಲ್ಲಿ ಆಡಿದ್ದೂ ಈ ಪೀಳಿಗೆಯಲ್ಲೇ.

ಏಷ್ಯಾದಲ್ಲಿ ಎರಡನೆಯ ಸ್ಥಾನಕ್ಕೆ ಏರಿದ ತಂಡ ಮುಂದಿನ ದಶಕದಲ್ಲಿ ಏಕೆ ಕುಸಿಯಿತು? ಆಟಗಾರ್ತಿಯರ ಕಾಲಲ್ಲಿ ಕಸುವು ಕಡಿಮೆಯಾಗಿರಲಿಲ್ಲ. ಅವರಿಗೆ ರಾಜ್ಯದ ತಂಡವಿತ್ತು, ದೇಶದ ತಂಡವಿತ್ತು. ಇವೆರಡಕ್ಕೂ ತಳಪಾಯವಾಗಬೇಕಿದ್ದ ಕ್ಲಬ್‌ಗಳ ಲೀಗ್ ಇರಲಿಲ್ಲ. ರಾಷ್ಟ್ರೀಯ ಪಂದ್ಯಾವಳಿ ಬಂದಾಗ ಕರೆ ಬರುತ್ತಿತ್ತು, ಶಿಬಿರ ಮುಗಿದಾಗ ಮನೆಗೆ ಮರಳಬೇಕಿತ್ತು. 1990ರ ದಶಕದ ಆರಂಭದಲ್ಲಿ ಅಖಿಲ ಭಾರತ ಫೆಡರೇಷನ್ ಹೆಂಗಸರ ಆಟವನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡಿತು. ದೊಡ್ಡ ಮನೆಯ ಸೂರು ಸಿಕ್ಕಿತು, ಒಲೆ ಸಿಗಲಿಲ್ಲ. ಮಣಿಪುರ ಮಾತ್ರ ತನ್ನ ಊರೂರ ಕ್ಲಬ್‌ಗಳ ಬಲದಿಂದ ರಾಷ್ಟ್ರೀಯ ಪ್ರಶಸ್ತಿಗಳನ್ನು ಮತ್ತೆ ಮತ್ತೆ ಗೆದ್ದು, ಬೆಂಬೆಂ ದೇವಿಯಂಥ ಆಟಗಾರ್ತಿಯನ್ನು ದೇಶಕ್ಕೆ ಕೊಟ್ಟಿತು. ಉಳಿದೆಡೆ ಆಟ ಸೊರಗಿತು. ಪಂದ್ಯಗಳನ್ನೇ ಆಡದ ಭಾರತದ ತಂಡವನ್ನು 2009ರಲ್ಲಿ ಫಿಫಾ ತನ್ನ ಶ್ರೇಯಾಂಕ ಪಟ್ಟಿಯಿಂದ ಕೈಬಿಟ್ಟಿತು.

ಈ ನಡುವೆ ಗಾದಿಗನೂರಿನ ಪೂರ್ವಕ್ಕೆ ಹೊಸದೊಂದು ರಾಜಧಾನಿ ಎದ್ದಿತ್ತು. 1971ರಲ್ಲಿ ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದ ವಿಜಯನಗರ ಉಕ್ಕಿನ ಕನಸು ಎರಡು ದಶಕ ನನೆಗುದಿಗೆ ಬಿದ್ದು, 1990ರ ದಶಕದಲ್ಲಿ ಜಿಂದಾಲರ ಕೈಯಲ್ಲಿ ಕಾರ್ಖಾನೆಯಾಯಿತು. ಉಕ್ಕಿನ ಆ ಸಂಪತ್ತು 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಕ್ಲಬ್ ಕಟ್ಟಿತು. ಗಂಡಸರ ಆ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2018ರಲ್ಲಿ ತೋರಣಗಲ್ಲಿನ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜುಡೋ, ಅಥ್ಲೆಟಿಕ್ಸ್ ಕಲಿಯಲು ದೂರದ ರಾಜ್ಯಗಳ ಹುಡುಗ ಹುಡುಗಿಯರು ಅಲ್ಲಿಗೆ ಬಂದರು. ಬೆಂಗಳೂರು ಎಫ್‌ಸಿಯ ಎಳೆಯ ಹುಡುಗರೂ ಅಲ್ಲೇ ನೆಲೆಸಿ ಪಳಗಿದರು. ತುಂಗಭದ್ರೆಯ ಈ ಸೀಮೆಗೆ ಆಟದ ಆಶ್ರಯದಾತರು ಮತ್ತೆ ಬಂದಂತಾಯಿತು.

ಕರ್ನಾಟಕದ ಹೆಣ್ಣುಮಕ್ಕಳ ಫುಟ್‌ಬಾಲ್ ಮಾತ್ರ ಬೇರೊಂದು ದಾರಿಯಲ್ಲಿ ಬೆಳೆಯಿತು. 2017ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಮುಗಿದ ಮೊದಲ ಇಂಡಿಯನ್ ವಿಮೆನ್ಸ್ ಲೀಗನ್ನು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಗೆದ್ದಿತು. ರಾಜ್ಯಗಳು ತಮ್ಮ ಲೀಗ್ ನಡೆಸಿದರೆ ಅಲ್ಲಿನ ಕ್ಲಬ್ಬಿಗೆ ರಾಷ್ಟ್ರದ ಲೀಗಿನ ಬಾಗಿಲು ತೆರೆಯುವ ಏರ್ಪಾಡಾಯಿತು. ದಶಕದ ಕೊನೆಯಲ್ಲಿ ಕರ್ನಾಟಕದಲ್ಲೂ ಮಹಿಳಾ ಲೀಗ್ ತಲೆಯೆತ್ತಿ, ಕಿಕ್‌ಸ್ಟಾರ್ಟ್, ಮಿಸಾಕಾ ಯುನೈಟೆಡ್, ಪರಿಕ್ರಮ ಮುಂತಾದ ಹೆಸರುಗಳು ಕೇಳಿಬಂದವು. 2020ರ ಆರಂಭದಲ್ಲಿ ರಾಷ್ಟ್ರದ ಲೀಗೇ ಬೆಂಗಳೂರಿಗೆ ಬಂತು. ಅದನ್ನು ಗೋಕುಲಂ ಕೇರಳ ಗೆದ್ದುಕೊಂಡು ಹೋಯಿತು.

ಕಿಕ್‌ಸ್ಟಾರ್ಟ್ ಬೆಳೆದದ್ದು ಮಕ್ಕಳಿಗೆ ಆಟ ಕಲಿಸುವ ಬೆಂಗಳೂರಿನ ಅಂಗಳಗಳಿಂದ. ರಾಜ್ಯದ ಲೀಗಿನಲ್ಲಿ ಕಾಲೂರಿ, ಮಣಿಪುರ, ತಮಿಳುನಾಡು ಮೊದಲಾದೆಡೆಯ ಆಟಗಾರ್ತಿಯರನ್ನೂ ಕೂಡಿಸಿಕೊಂಡು ಅದು ರಾಷ್ಟ್ರದ ಲೀಗಿಗೆ ಏರಿತು. 2023ರ ಮೇ 21ರಂದು ಅಹಮದಾಬಾದಿನಲ್ಲಿ ಫೈನಲ್ ಆಡಿದಾಗ, ಆ ಹಂತ ಮುಟ್ಟಿದ ಕರ್ನಾಟಕದ ಮೊದಲ ಕ್ಲಬ್ ಎನಿಸಿತು. ಗೋಕುಲಂ ಎದುರು 5-0ರ ಭಾರೀ ಸೋಲು. ಹಳೆಯ ಕಾಲವಾಗಿದ್ದರೆ ಶಿಬಿರ ಮುಗಿದು ಹುಡುಗಿಯರೆಲ್ಲ ಚದುರುತ್ತಿದ್ದರು. ಈಗ ಹಾಗಾಗಲಿಲ್ಲ. ಅದೇ ವರ್ಷ ಲೀಗ್ ತನ್ನ ರೂಪ ಬದಲಿಸಿತು: ಒಂದೇ ಊರಿನಲ್ಲಿ ಕೆಲವು ವಾರಗಳಲ್ಲಿ ಮುಗಿಯುತ್ತಿದ್ದ ಪಂದ್ಯಾವಳಿ, ತವರಿನಲ್ಲೊಮ್ಮೆ ಎದುರಾಳಿಯ ಊರಿನಲ್ಲೊಮ್ಮೆ ಆಡುವ ತಿಂಗಳುಗಟ್ಟಲೆಯ ಲೀಗಾಯಿತು. ಕಿಕ್‌ಸ್ಟಾರ್ಟ್ ಅದರಲ್ಲೂ ಇತ್ತು. ಅದರ ಕೋಚ್ ಆಗಿದ್ದ ಮಣಿಪುರದ ಲಾಂಗಂ ಚವೋಬಾ ದೇವಿ 2024ರಲ್ಲಿ ಭಾರತ ತಂಡದ ಕೋಚ್ ಆದರು. ಲೀಗಿನ ಕ್ಲಬ್‌ಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಸಂಬಳದ ಕರಾರು ಕೊಡಬೇಕೆಂದು ಫೆಡರೇಷನ್ 2023ರಲ್ಲಿ ನಿರ್ಣಯಿಸಿತ್ತು. ಗಂಡಸರ ಆಟದ ದುಡ್ಡಿನ ಮುಂದೆ ಅದು ಚಿಲ್ಲರೆ. ಆದರೂ ಹೆಣ್ಣಿನ ಆಟ ಅರಸನ ಕೊಡುಗೆಯ ಬಾಬ್ತಿನಿಂದ ಕರಾರಿನ ಬಾಬ್ತಿಗೆ ಬಂದದ್ದಕ್ಕೆ ಆ ನಿರ್ಣಯ ಸಾಕ್ಷಿ.

ಫಲ ಕಾಣಲು ಬಹಳ ಕಾಲ ಹಿಡಿಯಲಿಲ್ಲ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತದ ಹುಡುಗಿಯರು ಆತಿಥೇಯರನ್ನು ಅವರ ನೆಲದಲ್ಲೇ 2-1ರಿಂದ ಮಣಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರವು. ಅರ್ಹತಾ ಪಂದ್ಯಗಳನ್ನು ಗೆದ್ದು ಏಷ್ಯನ್ ಕಪ್ ಪ್ರವೇಶಿಸಿದ್ದು ಭಾರತಕ್ಕೆ ಅದೇ ಮೊದಲು.

ರಾಷ್ಟ್ರದ ಲೀಗಿನ ಮೇಲ್ತುದಿಯಲ್ಲಿ ಇಂದಿಗೂ ಕೆಲವೇ ಕ್ಲಬ್‌ಗಳು. ಕರ್ನಾಟಕದ ಹೆಸರು ಅಲ್ಲಿಗೆ ಒಯ್ದದ್ದು ಬೆಂಗಳೂರು. ಹೊಸಪೇಟೆ, ಸಂಡೂರು, ಕಂಪ್ಲಿಯ ಶಾಲೆಗಳಲ್ಲಿ ಹುಡುಗಿಯರು ಖೋ-ಖೋ ಆಡುತ್ತಾರೆ, ಕಬಡ್ಡಿ ಆಡುತ್ತಾರೆ, ಥ್ರೋಬಾಲ್ ಆಡುತ್ತಾರೆ. ಹತ್ತನೆಯ ತರಗತಿ ಮುಗಿದೊಡನೆ ಬಹುಮಂದಿಯ ಆಟವೂ ಮುಗಿಯುತ್ತದೆ. ಕ್ರೀಡಾಕೂಟದ ಕಪ್ಪು ಶಾಲೆಯ ಕಪಾಟಿನಲ್ಲಿ ಉಳಿಯುತ್ತದೆ, ಗೆದ್ದವಳು ಹೊಲಕ್ಕೋ ಗಂಡನ ಮನೆಗೋ ಹೋಗುತ್ತಾಳೆ. ವಿಜಯನಗರ ಜಿಲ್ಲೆ 2021ರಲ್ಲಿ ಹುಟ್ಟಿದ್ದು. ತನ್ನ ಆಟದ ದಫ್ತರವನ್ನು ಹೊಸದಾಗಿ ಬರೆಯುವ ಸ್ವಾತಂತ್ರ್ಯ ಅದಕ್ಕಿದೆ. ಹೆಣ್ಣುಮಕ್ಕಳ ಒಂದು ಲೀಗಿಗೆ ಬೇಕಾದದ್ದು ಹೆಚ್ಚೇನಲ್ಲ: ನಾಲ್ಕು ತಂಡ, ಗೋಲ್ ಕಂಬಗಳಿರುವ ಒಂದು ಬಯಲು, ಸೀಟಿ ಊದಲು ಒಬ್ಬ ರೆಫರಿ, ಮುಂಗಾರಿಗೆ ಮೊದಲೇ ಅಚ್ಚಾಗುವ ಪಂದ್ಯಗಳ ಪಟ್ಟಿ. ಉಕ್ಕಿನ ದೊರೆಗಳ ನೆರವು ಬಂದರೆ ಒಳ್ಳೆಯದೇ. ಬಾರದಿದ್ದರೂ ಆ ಪಟ್ಟಿಯಲ್ಲಿ ಬರುವ ಶನಿವಾರದ ಪಂದ್ಯ ಇರಬೇಕು, ಅದರ ಮುಂದಿನ ಶನಿವಾರದ್ದೂ ಇರಬೇಕು.