ಮಾಗಡಿ ಕೆರೆ: ಭೇಟಿ ನೀಡುವವರಿಗೆ ಮಾಹಿತಿ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಗ್ರಾಮದ ಕೆರೆಯು ವಲಸೆ ಹಕ್ಕಿಗಳ ಪ್ರಮುಖ ಚಳಿಗಾಲದ ನೆಲೆಯಾಗಿದೆ. ಮಳೆನೀರನ್ನು ಸಂಗ್ರಹಿಸಿ ಕೃಷಿಗೆ ಒದಗಿಸಲು ನಿರ್ಮಿಸಲಾದ ಈ ಕೆರೆಯ ವಿಸ್ತೀರ್ಣ ಸುಮಾರು 134 ಎಕರೆ. ಸಂರಕ್ಷಣಾ ಮೀಸಲು ಪ್ರದೇಶವಾಗಿರುವ ಇದನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಲಾಗಿದೆ.

ಹಕ್ಕಿಗಳು: ಇಲ್ಲಿ 160ಕ್ಕೂ ಹೆಚ್ಚು ಪ್ರಭೇದದ ಹಕ್ಕಿಗಳು ಕಂಡುಬಂದಿವೆ. ಇವುಗಳಲ್ಲಿ ಮುಖ್ಯವಾದುದು ಪಟ್ಟೆತಲೆ ಹೆಬ್ಬಾತು. ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಬರುವ ಸುಮಾರು 8,000 ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ.

ಸೂಕ್ತ ಕಾಲ: ಡಿಸೆಂಬರ್‌ನಿಂದ ಫೆಬ್ರುವರಿವರೆಗೆ.

ತಲುಪುವ ಬಗೆ: ಗದಗದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ 11 ಕಿ.ಮೀ. ಹಾಗೂ ಶಿರಹಟ್ಟಿಯಿಂದ 8 ಕಿ.ಮೀ. ರಸ್ತೆ ಮಾರ್ಗವಿದೆ.

ಸಂದರ್ಶಕರು ಪಾಲಿಸಬೇಕಾದ ನಿಯಮಗಳು:
1. ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ಕೆರೆಯಲ್ಲಿ ವಿಶ್ರಮಿಸುತ್ತವೆ. ಗದ್ದಲಕ್ಕೆ ಬೆದರಿ ಪದೇ ಪದೇ ಹಾರಿದಲ್ಲಿ, ಮರುಪ್ರಯಾಣಕ್ಕೆ ಬೇಕಾದ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ಮೌನವನ್ನು ಕಾಪಾಡತಕ್ಕದ್ದು.
2. ನೀರಿಗೆ ಇಳಿಯಬಾರದು, ಕಲ್ಲು ಎಸೆಯಬಾರದು, ಪಟಾಕಿ ಸಿಡಿಸಬಾರದು.
3. ಹಕ್ಕಿಗಳಿಗೆ ಆಹಾರವನ್ನು ನೀಡಬಾರದು. ಪ್ಲಾಸ್ಟಿಕ್ ತ್ಯಾಜ್ಯವನ್ನು ಮರಳಿ ಕೊಂಡೊಯ್ಯತಕ್ಕದ್ದು.
4. ತಮ್ಮ ಬೆಳೆಯಲ್ಲಿ ಹಕ್ಕಿಗಳಿಗೂ ಪಾಲು ಹೋಗುವುದನ್ನು ಇಲ್ಲಿಯ ರೈತರು ಸಹಿಸಿಕೊಂಡು ಬಂದಿದ್ದಾರೆ. ಛಾಯಾಚಿತ್ರಕ್ಕಾಗಿ ಅವರ ಹೊಲಗಳನ್ನು ತುಳಿಯಬಾರದು.
5. ಹಕ್ಕಿಗಳ ಬೇಟೆಯು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನ್ವಯ ದಂಡನಾರ್ಹ ಅಪರಾಧವಾಗಿದೆ. ಇಂತಹ ಕೃತ್ಯಗಳು ಕಂಡುಬಂದಲ್ಲಿ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸತಕ್ಕದ್ದು.

ಹಕ್ಕಿಗಳು ನಿರ್ಭಯವಾಗಿ ತಂಗಿ, ಮುಂದಿನ ವರ್ಷವೂ ಮರಳಿ ಬರುವಂತಾಗಲು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.