ಕಷ್ಟದ ಕಾದಂಬರಿ, ಮಾಗಿದ ಓದುಗ

ಓದುವುದು ವಿಶ್ರಾಂತಿಗಾಗಿ ಎಂದಾದರೆ, ಬಾಳಿನಲ್ಲಿ ಸಾಕಷ್ಟು ದಣಿದವರು ಬುದ್ಧಿಗೆ ಮತ್ತೆ ದಣಿವು ತರುವ ಕಾದಂಬರಿಗಳನ್ನೇಕೆ ಅರಸಿಕೊಂಡು ಹೋಗುತ್ತಾರೆ? ಕಾದಂಬರಿಗೆ ಚರಿತ್ರೆಯಿರುವಂತೆ ಅದರ ಓದುಗನಿಗೂ ಒಂದು ಚರಿತ್ರೆಯುಂಟು. ಉತ್ತರವನ್ನು ಅಲ್ಲಿ ಹುಡುಕಬೇಕೆಂದು ನನ್ನ ಎಣಿಕೆ.

ನನ್ನ ಓದು ಮೊದಲಾದದ್ದು ಜಯನಗರದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇ ನನ್ನ ಆದಿಗುರು. ಆತನ ಬೆನ್ನಿಗೆ ಅ.ನ.ಕೃ., ತ.ರಾ.ಸು., ತ್ರಿವೇಣಿ ಬಂದರು. ಇವರನ್ನು ಜನಪ್ರಿಯರೆಂದು ಬದಿಗಿಡುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಇವರು ಮನೆಮನೆಗೆ ಓದಿನ ರುಚಿ ಹತ್ತಿಸದಿದ್ದರೆ 1965ರ ‘ಸಂಸ್ಕಾರ’ವನ್ನು ಓದಲು ಎಷ್ಟು ಜನ ಇರುತ್ತಿದ್ದರು?

ಅನಂತಮೂರ್ತಿಯವರ ಆ ಕೃತಿ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡತಕ್ಕವರಾರು ಎಂಬಲ್ಲಿಂದ ಹೊರಟು, ಪ್ರಾಣೇಶಾಚಾರ್ಯರ ಮುಂದೆ ಬೇರೊಂದೇ ಪ್ರಶ್ನೆಯನ್ನಿಟ್ಟು, ಉತ್ತರ ಹೇಳದೆ ನಿಂತುಬಿಡುತ್ತದೆ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಏಕನಾಯಕನನ್ನೇ ಕೈಬಿಟ್ಟಿತು. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗಲಂತೂ ನಮ್ಮಂತಹ ನಗರದವರು ನಂಜನಗೂಡು ಸೀಮೆಯ ಆ ಮಾತನ್ನು ಗಟ್ಟಿಯಾಗಿ ಓದಿಕೊಂಡೇ ಒಳಹೊಗಬೇಕಾಯಿತು. ದೀಪದ ಜೋತಮ್ಮಗಳು ಮಾತಾಡಿಕೊಳ್ಳುವುದನ್ನು ಕೇಳಲು ಕಿವಿಯೂ ಬೇಕಷ್ಟೆ.

ಆದರೆ ನನ್ನನ್ನು ಕಾಡಿದ್ದು ಯಶವಂತ ಚಿತ್ತಾಲರ ‘ಶಿಕಾರಿ’. ಅದು 1979ರಲ್ಲಿ ಪ್ರಕಟವಾಯಿತು, ನಾನು ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಓದಿದೆ. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಕೆಲಸದಿಂದ ದೂರವಿಡುತ್ತಾರೆ. ತನ್ನ ತಪ್ಪೇನೆಂಬುದು ಅವನಿಗೇ ತಿಳಿಯದು. ಪುರುಷೋತ್ತಮನ ಶಿಷ್ಯನಾದ ನಾನು ನಿಜವಾದ ಅಪರಾಧಿ ಯಾರೆಂದು ಪುಟ ಮಗುಚಿ ಮಗುಚಿ ಹುಡುಕಿ, ಕೊನೆಗೆ ಗೊಂದಲದ ಪುಸ್ತಕವೆಂದು ಮುಚ್ಚಿಟ್ಟೆ. ಮುಂದೆ ಅಧ್ಯಾಪಕನಾಗಿ ಅದನ್ನು ‘ನಗರಜೀವನದ ಪರಕೀಯತೆ’ ಎಂಬ ಒಂದು ಶೀರ್ಷಿಕೆಯಡಿ ವಿದ್ಯಾರ್ಥಿಗಳಿಗೆ ಬರೆಸಿದ್ದೂ ಉಂಟು. ಅವರು ಅಂಕ ಪಡೆದರು.

ಐವತ್ತರ ಆಸುಪಾಸಿನಲ್ಲಿ ನನಗೇ ಒಂದು ನೋಟೀಸು ಬಂತು. ಪರೀಕ್ಷಾಕಾರ್ಯದಲ್ಲಿ ಲೋಪವೆಂದಿತ್ತು, ಯಾವ ಲೋಪವೆಂದಿರಲಿಲ್ಲ. ನಾಲ್ಕು ತಿಂಗಳಲ್ಲಿ ವಿಚಾರಣೆ ತಾನಾಗಿ ತಣ್ಣಗಾಯಿತು. ಆ ದಿನಗಳಲ್ಲಿ ಮಾತ್ರ ಅಧ್ಯಾಪಕರ ಕೊಠಡಿಯಲ್ಲಿ ಯಾರು ನಕ್ಕರೂ ನನ್ನನ್ನು ಕುರಿತೇ ಎನಿಸುತ್ತಿತ್ತು. ಒಂದು ರಾತ್ರಿ ‘ಶಿಕಾರಿ’ಯನ್ನು ಮತ್ತೆ ತೆಗೆದೆ. ಬೇಟೆಗೆ ಸಿಕ್ಕವನ ಪಾಡು ಈಗ ಅರ್ಥವಾಗುತ್ತದೆಂದುಕೊಂಡಿದ್ದೆ. ಆದರೆ ಓದುತ್ತ ಓದುತ್ತ ನೆನಪಿಗೆ ಬಂದದ್ದು ಬೇರೆ. ಹತ್ತು ವರ್ಷ ಹಿಂದೆ ಇಂತಹದೇ ನೋಟೀಸು ಪಡೆದ ಸಹೋದ್ಯೋಗಿಯೊಬ್ಬರ ಪಕ್ಕದ ಕುರ್ಚಿಯಲ್ಲಿ ಕೂರುವುದನ್ನು ನಾನು ಮೆಲ್ಲಗೆ ಬಿಟ್ಟಿದ್ದೆ. ನನ್ನನ್ನು ಆ ಕಾದಂಬರಿಯೊಳಗೆ ಯಾರ ಸಾಲಿನಲ್ಲಿ ನಿಲ್ಲಿಸಬೇಕು?

ಕಷ್ಟದ ಕಾದಂಬರಿ ಉತ್ತರದ ಜಾಗವನ್ನು ಖಾಲಿ ಬಿಡುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಅಲ್ಲಿ ಇಡಲು ನನ್ನ ಬಳಿ ಏನೂ ಇರಲಿಲ್ಲ. ಆದ್ದರಿಂದ ಅದು ಲೇಖಕನ ಕೊರತೆಯೆನಿಸಿತು. ಇದರಲ್ಲಿ ಸುಖವೆಲ್ಲಿಂದ ಬಂತೆಂದು ತಾವು ಕೇಳಬಹುದು. ಹಿರಿಯರೊಬ್ಬರು ನಮ್ಮನ್ನು ದಡ್ಡರೆಂದು ಎಣಿಸದೆ, ಸಮಾನರಾಗಿ ಎದುರು ಕೂರಿಸಿಕೊಂಡು ಮಾತನಾಡಿಸಿದಾಗ ಆಗುವ ಸುಖವಿದೆಯಲ್ಲ, ಅದು ಇದು. ಮಾತು ಹಿತವಾಗಿರಲೇಬೇಕೆಂದಿಲ್ಲ.

ಆ ಸಹೋದ್ಯೋಗಿಗಳು ನಿವೃತ್ತರಾಗಿ ಬನಶಂಕರಿಯಲ್ಲಿದ್ದರು. ಹುಡುಕಿಕೊಂಡು ಹೋದೆ. ಕಾಫಿ ಕೊಟ್ಟರು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ. ಹೊರಡುವಾಗ ನನ್ನ ‘ಶಿಕಾರಿ’ಯ ಪ್ರತಿಯನ್ನು ಅವರ ಕೈಗಿತ್ತು ಬಂದೆ. ಅವರದನ್ನು ಇನ್ನೂ ಹಿಂದಿರುಗಿಸಿಲ್ಲ. ನಾನೂ ಕೇಳಿಲ್ಲ.