ಎತ್ತು ಬಿಚ್ಚಿದ ಮೇಲೆ

ಚಿತ್ರದುರ್ಗದ ಸಂತೆಪೇಟೆ ಬಳಿಯೋ ಲಕ್ಷ್ಮೀ ಬಜಾರಿನ ಬಾಯಲ್ಲೋ ಕಾರು ಬಿಟ್ಟು ಸಾಮಾನು ತರಲು ಹೋದವರು ವಾಪಸು ಬಂದಾಗ ಬಾಗಿಲ ಮೇಲೊಂದು ಗೀರು ಕಂಡರೆ ಆಡುವ ಮಾತು ಬಹುಪಾಲು ಒಂದೇ: ಜನಕ್ಕೆ ಈಗ ಬುದ್ಧಿ ಇಲ್ಲ, ಇನ್ನೊಬ್ಬರ ವಸ್ತು ಲೆಕ್ಕಕ್ಕಿಲ್ಲ, ಮೊದಲು ಹೀಗಿರಲಿಲ್ಲ. ಹಿರಿಯೂರಿನ ಬಸ್ ನಿಲ್ದಾಣದ ಸುತ್ತ, ಹೊಸದುರ್ಗ ಹೊಳಲ್ಕೆರೆಗಳ ಪೇಟೆಬೀದಿಗಳಲ್ಲಿ ಕೇಳಿಬರುವ ದೂರೂ ಇದೇ. ಸಿಟ್ಟು ನ್ಯಾಯವಾದದ್ದು. ಆಯುಧಪೂಜೆಗೆ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು ಪೂಜೆ ಮಾಡಿದ ಗಾಡಿಗೆ ಯಾರೋ ತಗುಲಿಸಿ ಹೆಸರು ಹೇಳದೆ ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ 'ಮೊದಲು ಹೀಗಿರಲಿಲ್ಲ' ಎಂಬುದು ಬರೀ ಸಿಟ್ಟಿನ ಮಾತಲ್ಲ, ಇತಿಹಾಸದ ಹೇಳಿಕೆ. ಅದನ್ನು ಇತಿಹಾಸದಂತೆಯೇ ಒರೆಗೆ ಹಚ್ಚಬೇಕು. ಹಾಗೆ ನೋಡಿದರೆ ನಮ್ಮ ಹಿಂದಿನವರು ನಮಗಿಂತ ಸಂಭಾವಿತರಾಗಿದ್ದರು ಎನ್ನಲು ಆಧಾರ ಸಿಗುವುದಿಲ್ಲ. ನಿಂತ ಗಾಡಿಯ ಪಕ್ಕ ಒಬ್ಬ ಮನುಷ್ಯ ಇರುತ್ತಿದ್ದ ಎನ್ನಲು ಆಧಾರ ಧಾರಾಳವಾಗಿದೆ. ಇವತ್ತಿನ ತಂಟೆಯ ಬೇರು ಆ ಮನುಷ್ಯ ಎದ್ದುಹೋದದ್ದರಲ್ಲಿದೆ ಎಂಬುದೇ ನನ್ನ ವಾದ.

ಈ ಸೀಮೆಯ ಹಳೆಯ ಊರುಗಳನ್ನು ಗಾಲಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿಲ್ಲ. ದುರ್ಗದ ಕೋಟೆಯ ಬಾಗಿಲುಗಳು ಒಂದರ ನೇರಕ್ಕೆ ಇನ್ನೊಂದು ಬರದ ಹಾಗೆ ತಿರುವಿನ ಮೇಲೆ ತಿರುವು ಕೊಟ್ಟು ನಿಲ್ಲಿಸಿದವು. ಏರಿ ಬರುವ ದಂಡು ತಡೆದು ನಿಲ್ಲಲಿ, ಆನೆ ಓಡಿ ಬಂದು ಕದಕ್ಕೆ ಗುದ್ದದಿರಲಿ ಎಂಬುದು ಅದರ ಲೆಕ್ಕ. ಸಲೀಸಾಗಿ ಒಳಗೆ ಬರುವುದನ್ನು ತಪ್ಪಿಸಲೆಂದೇ ಕಟ್ಟಿದ ಊರಿನ ಕೆಳಪೇಟೆಯಲ್ಲಿ ಇವತ್ತು ನಾವು ಕಾರು ತಿರುಗಿಸಲು ಒದ್ದಾಡುತ್ತೇವೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವವರೆಗಿನ ಪಾಳೆಯಗಾರರ ಕಾಲದಲ್ಲಿ ದೂರದ ಸರಕು ಬಹುಪಾಲು ಬರುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಶಾಸನಗಳಲ್ಲಿ ಸುಂಕವನ್ನು ಹೇರಿನ ಲೆಕ್ಕದಲ್ಲಿ ಹೇಳುವುದು ಅದಕ್ಕೇ. ಹೇರೆತ್ತು ಸಾಲಾಗಿ ಓಣಿಯಲ್ಲೂ ನಡೆದೀತು, ಬೆಟ್ಟದ ಕಣಿವೆಯಲ್ಲೂ ಹತ್ತೀತು. ಸರಕಿನ ಗಾಡಿಗೆ ಒಗ್ಗುವ ರಸ್ತೆಗಳು ಮೈಸೂರು ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು 1831ರ ನಂತರ, ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ. ಅವರಲ್ಲೊಬ್ಬನಾದ ಮಾರ್ಕ್ ಕಬ್ಬನ್ ಕಾಲಕ್ಕೆ ಸುಮಾರು 1600 ಮೈಲಿ ರಸ್ತೆ ಆಯಿತು. ಬೆಂಗಳೂರಿನಿಂದ ಹಿರಿಯೂರು, ಚಿತ್ರದುರ್ಗ ಹಾದು ಹರಿಹರದ ಕಡೆ ಹೋಗುವ ದಾರಿ ಎತ್ತಿನ ಗಾಡಿಗಳ ಹೆದ್ದಾರಿಯಾಯಿತು. ಓಡಾಡುವುದಕ್ಕೆ ದಾರಿ ಸಿಕ್ಕ ಮೇಲೆಯೇ ನಿಲ್ಲುವುದಕ್ಕೆ ಜಾಗ ಎಲ್ಲಿ ಎಂಬ ಪ್ರಶ್ನೆ ಹುಟ್ಟಿದ್ದು.

ನಿಂತ ಎತ್ತಿನ ಗಾಡಿ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೊಗ ಇಳಿಸಿ ಎತ್ತು ಬಿಚ್ಚಿದ ಕೂಡಲೇ ಅವಕ್ಕೆ ನೀರು ಬೇಕು, ಮೇವು ಬೇಕು, ನೆರಳು ಬೇಕು, ಕಟ್ಟಲು ಗೂಟ ಬೇಕು. ಸಗಣಿ ಬಾಚಬೇಕು. ಪಕ್ಕದ ಗಾಡಿಯ ಹೋರಿಯ ಜೊತೆ ಕೊಂಬು ಹಾಕದಂತೆ ನೋಡಿಕೊಳ್ಳಬೇಕು. ಆದ್ದರಿಂದ ಗಾಡಿ ನಿಲ್ಲಿಸುವವನಿಗೆ ಬಾವಿಯೋ ಕಟ್ಟೆಯೋ ಇರುವ ಬಯಲು, ಛತ್ರದ ಅಂಗಳ, ತೋಪು ಇಂಥದ್ದೇ ಆಗಬೇಕಿತ್ತು. ಅಂಗಡಿಯ ಬಾಗಿಲಿಗೆ ಅಡ್ಡ ಬಿಟ್ಟು ಹೋದರೆ ಮೊದಲು ಕಷ್ಟಪಡುವವು ಅವನದೇ ಎತ್ತುಗಳು. ಜೊತೆಗೆ ಒಬ್ಬ ಆಳು ಅಲ್ಲೇ ಉಳಿಯಲೇಬೇಕು. ರಾತ್ರಿಯಾದರೆ ಗಾಡಿಯ ಕೆಳಗೇ ಕಂಬಳಿ ಹಾಸಿ ಮಲಗುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಂಗಳೂರು–ಹರಿಹರ ರೈಲುಮಾರ್ಗ ಬಂದಾಗ ಹೊಸದುರ್ಗದವರ ರೈಲು ನಿಲ್ದಾಣ ಊರಿನಿಂದ ದೂರದಲ್ಲಿ ಬಿತ್ತು. ಇವತ್ತಿಗೂ ಅದರ ಹೆಸರು ಹೊಸದುರ್ಗ ರೋಡ್. ಊರಿಗೂ ನಿಲ್ದಾಣಕ್ಕೂ ನಡುವೆ ಗಾಡಿಗಳೇ ಗತಿಯಾದ ಇಂಥ ಕಡೆ ರೈಲಿಗೆ ಕಾಯುವುದೇ ಗಾಡಿಯವನ ಅರ್ಧ ಕಸುಬು. ಹೊಳಲ್ಕೆರೆ, ಭೀಮಸಮುದ್ರಗಳ ಅಡಿಕೆ ವ್ಯಾಪಾರಕ್ಕೂ ಸಂತೆಗಳಿಗೂ ಈ ಕಾಯುವಿಕೆ ಹೊಸತಲ್ಲ. ಗಾಡಿ ಒಂದು ಕಡೆ, ಅದರವನು ಇನ್ನೊಂದು ಕಡೆ ಇರುವುದು ಆ ಲೋಕದಲ್ಲಿ ಸಾಧ್ಯವೇ ಇರಲಿಲ್ಲ. ಗಾಡಿಗೆ ಯಾರಾದರೂ ತಗುಲಿಸಿದರೆ ಜಗಳ ಅಲ್ಲೇ, ಆಗಲೇ, ಇಬ್ಬರ ಮುಖಾಮುಖಿ.

ಹಾಗೆಂದು ಅದು ಸೌಜನ್ಯದ ಯುಗವೂ ಅಲ್ಲ. ಕಾನೂನು ಪುಸ್ತಕಗಳೇ ಅದಕ್ಕೆ ಸಾಕ್ಷಿ. 1860ರ ಭಾರತೀಯ ದಂಡ ಸಂಹಿತೆಯ 283ನೇ ಕಲಮು ಸಾರ್ವಜನಿಕ ದಾರಿಗೆ ಅಡ್ಡಿಯಾಗುವಂತೆ ಏನನ್ನಾದರೂ ಬಿಟ್ಟವನಿಗೆ 200 ರೂಪಾಯಿವರೆಗೆ ದಂಡ ಹೇಳಿತು. ಮರುವರ್ಷದ, ಅಂದರೆ 1861ರ ಪೊಲೀಸ್ ಕಾಯ್ದೆಯ 34ನೇ ಕಲಮು ಇನ್ನೂ ಬಿಡಿಸಿ ಹೇಳುತ್ತದೆ: ಸರಕು ಏರಿಸಿ ಇಳಿಸಲು, ಜನರನ್ನು ಹತ್ತಿಸಿ ಇಳಿಸಲು ಬೇಕಾದ ಹೊತ್ತಿಗಿಂತ ಹೆಚ್ಚು ಕಾಲ ದನವನ್ನೋ ಗಾಡಿಯನ್ನೋ ರಸ್ತೆಯಲ್ಲಿ ನಿಲ್ಲಿಸುವುದು, ಇತರರಿಗೆ ತೊಂದರೆಯಾಗುವ ಹಾಗೆ ಬಿಟ್ಟುಹೋಗುವುದು ಅಪರಾಧ. ಮೋಟಾರು ಕಾರೆಂಬ ವಸ್ತು ಹುಟ್ಟುವುದಕ್ಕೆ ಎರಡು ದಶಕಕ್ಕೂ ಹಿಂದಿನ ಮಾತಿದು. ಯಾರೂ ಮಾಡದ ತಪ್ಪಿಗೆ ಇಷ್ಟು ನಿಖರವಾಗಿ ಕಾನೂನು ಬರೆಯುವುದಿಲ್ಲ. ಅಡ್ಡಾದಿಡ್ಡಿ ನಿಲ್ಲಿಸುವ ಚಾಳಿ ಮೋಟಾರಿನ ಜೊತೆ ಬಂದ ರೋಗ ಎನ್ನುವವರು ಈ ಕಲಮನ್ನು ಓದಬೇಕು.

ಆದರೆ ಆ ಕಾಲದ ಆಡಳಿತ ದಂಡಕ್ಕೇ ನಿಲ್ಲಲಿಲ್ಲ. ಮೊಳಕಾಲ್ಮೂರಿನ ಗಡಿಯಾಚೆ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಊರುಗಳಿಗೆ ಅನ್ವಯಿಸುತ್ತಿದ್ದ 1920ರ ಮದ್ರಾಸ್ ಜಿಲ್ಲಾ ಪುರಸಭೆಗಳ ಕಾಯ್ದೆಯಲ್ಲಿ ಗಾಡಿ ನಿಲ್ದಾಣಗಳ ಬಗ್ಗೆ ಒಂದು ಏರ್ಪಾಟಿದೆ. ಪುರಸಭೆ ಗಾಡಿ ನಿಲ್ದಾಣ ಮಾಡಬಹುದು, ಅದಕ್ಕೆ ಶುಲ್ಕ ಪಡೆಯಬಹುದು. ಹಾಗೆ ನಿಲ್ದಾಣ ಒದಗಿಸಿದ ಮೇಲೆ ಅದರ ಸುತ್ತ ಇಷ್ಟು ದೂರದೊಳಗೆ ಬೀದಿಬದಿಯನ್ನು ಅದೇ ಕೆಲಸಕ್ಕೆ ಬಳಸಬಾರದೆಂದು ತಡೆಯಬಹುದು. ಈ ಅನುಕ್ರಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಜಾಗ ಕೊಡುವುದು ಮೊದಲು, ಬೇಡವೆನ್ನುವುದು ಆಮೇಲೆ. ಇವತ್ತು ನಮ್ಮ ಪಟ್ಟಣಗಳಲ್ಲಿ 'ನೋ ಪಾರ್ಕಿಂಗ್' ಫಲಕ ಮೊದಲು ಬರುತ್ತದೆ, ಹಾಗಾದರೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಬರುವುದೇ ಇಲ್ಲ.

ಬೀದಿಯ ಅಗಲವನ್ನು ವಾಹನಕ್ಕೆ ತಕ್ಕ ಹಾಗೆ ಕಾಯ್ದುಕೊಂಡ ಒಂದು ಪದ್ಧತಿ ಮಾತ್ರ ನಮ್ಮಲ್ಲಿ ಬಹಳ ಹಳೆಯದು. ಅದು ತೇರಿನದು. ಹಿರಿಯೂರಿನ ತೇರು ಮಲ್ಲೇಶ್ವರನ ಜಾತ್ರೆಯಿರಲಿ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯಿರಲಿ, ರಥ ಹೊರಡುವ ದಿನ ದಾರಿಯಲ್ಲಿ ಏನೂ ಅಡ್ಡ ಇರುವಂತಿಲ್ಲ. ಉಳಿದ ದಿನಗಳಲ್ಲಿ ರಥಕ್ಕೆ ತನ್ನದೇ ಆದ ನೆಲೆ ಇದೆ, ಅದನ್ನು ನೋಡಿಕೊಳ್ಳುವವರು ಇದ್ದಾರೆ. ಗಾಲಿಗೆ ಸನ್ನೆ ಕೊಡುವ ಕೆಲಸವೂ ಇಂಥವರದೇ ಎಂದು ಗೊತ್ತು. ಊರಿನ ಅತ್ಯಂತ ಪ್ರೀತಿಯ ವಾಹನ ಗೀರಿಲ್ಲದೆ ಉಳಿದದ್ದು ಬರೀ ಭಕ್ತಿಯಿಂದಲ್ಲ. ಯಾರು ಏನು ಮಾಡಬೇಕೆಂಬುದು ಹಂಚಿಹೋಗಿದ್ದರಿಂದ.

ಎತ್ತಿನ ಗಾಡಿಗೂ ಕಾರಿಗೂ ನಡುವೆ ಒಂದು ಕೊಂಡಿ ಇತ್ತು. ಇತಿಹಾಸ ಬರೆಯುವವರು ಅದನ್ನು ಗಮನಿಸುವುದು ಕಡಿಮೆ. ಸೈಕಲ್ ಸ್ಟ್ಯಾಂಡ್. ಟಾಕೀಸಿನ ಪಕ್ಕ, ಬಸ್ ನಿಲ್ದಾಣದ ಮಗ್ಗುಲಲ್ಲಿ, ತಗಡಿನ ಚಪ್ಪರದ ಕೆಳಗೆ ಸಾಲಾಗಿ ನಿಂತ ಸೈಕಲ್ಲುಗಳು. ಕೈಗೊಂದು ಟೋಕನ್ನು, ಅದೇ ನಂಬರಿನ ಇನ್ನೊಂದು ತುಂಡು ಹ್ಯಾಂಡಲ್ಲಿಗೆ. ಸೈಕಲ್ಲಿಗೆ ನೀರು ಬೇಡ, ಮೇವು ಬೇಡ. ಬಿಟ್ಟು ಹೋಗಬಹುದಾದ ಮೊದಲ ಜನಸಾಮಾನ್ಯರ ವಾಹನ ಅದು. ಬಿಟ್ಟು ಹೋಗಬಹುದಾದ್ದರಿಂದಲೇ ಕಳುವಾಗಬಹುದು. ಆದ್ದರಿಂದ ಗಾಡಿಯ ಕೆಳಗೆ ಮಲಗುತ್ತಿದ್ದ ಆಳಿನ ಜಾಗಕ್ಕೆ ಸ್ಟ್ಯಾಂಡಿನವನು ಬಂದ. ಅವನು ಯಾರ ಆಳೂ ಅಲ್ಲ, ಎಲ್ಲರ ಕಾವಲುಗಾರ. ಟೋಕನ್ ಇಲ್ಲದೆ ಸೈಕಲ್ ಹೊರಗೆ ಬಿಡುತ್ತಿರಲಿಲ್ಲ, ತನ್ನ ಕೈಯಾರೆ ಎತ್ತಿ ಸರಿಸಿ ಸಾಲು ಮಾಡುತ್ತಿದ್ದ. ಪುಡಿಗಾಸು ತೆಗೆದುಕೊಂಡು ಹೊಣೆಯನ್ನೂ ತೆಗೆದುಕೊಂಡ ವ್ಯವಸ್ಥೆ ಅದು. ಸ್ಕೂಟರು, ಬೈಕುಗಳ ಕಾಲದಲ್ಲೂ ಅದು ಒಂದಷ್ಟು ಮಟ್ಟಿಗೆ ಉಳಿದುಕೊಂಡಿತು. ಕಾರಿನ ಪಾಲಿಗೆ ಮಾತ್ರ ನಮ್ಮ ಸಣ್ಣ ಊರುಗಳಲ್ಲಿ ಅದು ಹುಟ್ಟಲೇ ಇಲ್ಲ.

ಯಾಕೆ ಹುಟ್ಟಲಿಲ್ಲ ಎಂದರೆ, ಬಹುಕಾಲ ಬೇಕಾಗಿರಲಿಲ್ಲ. ಆ ಕಾಲವನ್ನು ಜಲಾಶಯವೊಂದರ ಕೋಡಿಗಳಿಂದ ಅಳೆಯಬಹುದು. ಹಿರಿಯೂರು ಬಳಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಬಿಟ್ಟು. ಈ ಎರಡು ಕೋಡಿಗಳ ನಡುವೆಯೇ ಹಿರಿಯೂರು ಸೀಮೆಯ ಸಾಮಾನ್ಯರ ಕೈಗೆ ಮೋಟಾರು ವಾಹನ ಬಂತು. 2022ರಲ್ಲಿ ನೀರು ನೋಡಲು ಜನ ಬೈಕು ಕಾರುಗಳಲ್ಲಿ ಹರಿದುಬಂದರು. ಗುಡ್ಡದ ಸಂದಿಯಲ್ಲಿ ಕಟ್ಟಿದ ಅಣೆಕಟ್ಟಿನ ದಾರಿಯನ್ನು ಅಷ್ಟು ವಾಹನ ನಿಲ್ಲಲೆಂದು ಯಾರೂ ಮಾಡಿರಲಿಲ್ಲ. ಈ ಬದಲಾವಣೆಯ ಬಹುಪಾಲು ಆದದ್ದೂ ಆ 89 ವರ್ಷಗಳ ಕೊನೆಯ ಭಾಗದಲ್ಲಿ. ಮೊದಲ ಮಾರುತಿ 800 ಗಿರಾಕಿಯ ಕೈ ಸೇರಿದ್ದು 1983ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ತಾಲ್ಲೂಕು ಊರಿನಲ್ಲಿ ಕಾರೆಂದರೆ ಡಾಕ್ಟರದ್ದು, ಅಡಿಕೆ ಮಂಡಿ ಸಾಹುಕಾರರದ್ದು ಎಂದು ಬೆರಳು ಮಡಚಿ ಎಣಿಸಬಹುದಿತ್ತು. ಯಾರ ಕಾರೆಂದು ಊರಿಗೇ ಗೊತ್ತಿದ್ದಾಗ ಗೀರಿದವನು ಯಾರೆಂಬುದೂ ಸಂಜೆಯೊಳಗೆ ಗೊತ್ತಾಗುತ್ತಿತ್ತು. ಪರಿಚಯವೇ ಅಲ್ಲಿ ಕಾವಲು. ಕಾರುಗಳು ಹೆಚ್ಚಿದಂತೆ ಪರಿಚಯ ತೆಳುವಾಯಿತು, ಅದರ ಬದಲಿಗೆ ಮತ್ತೇನನ್ನೂ ತರಲಿಲ್ಲ. ಸುವರ್ಣ ಚತುಷ್ಪಥ ಬಂದು ದೂರದ ಲಾರಿ ಬಸ್ಸುಗಳು ಊರ ಹೊರಗೆ ಸರಿದ ಮೇಲೆ ಚಿತ್ರದುರ್ಗದ ಹಳೇ ಹೆದ್ದಾರಿಯಾಗಿದ್ದ ಬಿ.ಡಿ. ರಸ್ತೆ ಊರಿನ ಪಾಲಿಗೆ ಬಂತು. ಆಗಲಾದರೂ ಅದರ ಬದಿಗಳನ್ನು ಗೆರೆ ಎಳೆದು ಹಂಚಬಹುದಿತ್ತು.

ಈಗಿನ ಕಾನೂನು ಈ ಖಾಲಿ ಜಾಗವನ್ನು ತುಂಬೀತೇ? 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ನಿಲುಗಡೆಯ ಜಾಗ ಗೊತ್ತುಮಾಡುವುದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರ ಕೆಲಸ. 122 ಅಪಾಯವಾಗುವಂತೆ ನಿಲ್ಲಿಸಬೇಡ ಎನ್ನುತ್ತದೆ, 127 ಬಿಟ್ಟುಹೋದ ವಾಹನ ಎಳೆದೊಯ್ಯಲು ಬಿಡುತ್ತದೆ. 134ನೇ ಕಲಮು ಅಪಘಾತದಲ್ಲಿ ಇನ್ನೊಬ್ಬರ ಆಸ್ತಿಗೆ ಹಾನಿಯಾದರೂ ಚಾಲಕನಿಗೆ ಮಾಹಿತಿ ಕೊಡುವ ಹೊಣೆ ಹೊರಿಸುತ್ತದೆ. ದಂಡ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ, ಗೀರು ಕಾರಿನಲ್ಲೇ ಉಳಿಯುತ್ತದೆ. ವಿಮೆ ಇದೆಯಲ್ಲ ಎಂದರೆ ಅದರ ಲೆಕ್ಕವೂ ಸಣ್ಣ ಹಾನಿಗೆ ಹೊಂದುವುದಿಲ್ಲ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಮೊದಲ 1000 ರೂಪಾಯಿ ಮಾಲೀಕನದೇ, ದೊಡ್ಡ ಕಾರಿಗೆ 2000. ಮೇಲಾಗಿ, ಕ್ಲೇಮು ಮಾಡದಿದ್ದರೆ ಶೇ 20ರಿಂದ 50ರವರೆಗೆ ಏರುವ ರಿಯಾಯಿತಿಯೂ ಕೈತಪ್ಪುತ್ತದೆ. ಹೀಗಾಗಿ ಬಾಗಿಲಿನ ಗೀರಿಗೆ ಯಾರೂ ವಿಮೆಯ ಬಾಗಿಲು ತಟ್ಟುವುದಿಲ್ಲ. ತಗುಲಿಸಿದ ಕಾರಿನ ವಿಮೆಯಲ್ಲಿ ಇತರರ ಆಸ್ತಿಗೆ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ ನಿಜ. ಆದರೆ ತಗುಲಿಸಿದವನು ಯಾರೆಂದು ಹೇಳುವವರೇ ಅಲ್ಲಿರುವುದಿಲ್ಲ. ಸುತ್ತಿ ಬಳಸಿ ಮಾತು ಕಾವಲಿಗೇ ಬರುತ್ತದೆ.

ಇಲ್ಲಿ ನನ್ನ ಕಡೆಗೆ ವಾಲುವ ತೀರ್ಪೊಂದಿದೆ. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ನಿಲುಗಡೆಯ ಸಿಬ್ಬಂದಿಗೆ ಕೊಟ್ಟರು, ಕಾರು ಕಳುವಾಯಿತು. ಚೀಟಿಯಲ್ಲಿ ವಾಹನ ಮಾಲೀಕರದೇ ಹೊಣೆ ಎಂದು ಅಚ್ಚಾಗಿತ್ತು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ಹೋಟೆಲಿನ ವಾದವನ್ನು ಒಪ್ಪಲಿಲ್ಲ. ತೀರ್ಪು ಬರೆದವರು ಹಾವೇರಿ ಜಿಲ್ಲೆಯಿಂದ ಹೋದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಕೀಲಿ ಪಡೆದು ವಾಹನವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅದನ್ನು ಜೋಪಾನವಾಗಿ ಮರಳಿಸುವ ಹೊಣೆ ಹೋಟೆಲಿನದು, ತನ್ನ ಅಜಾಗ್ರತೆಯಿಂದ ಚೀಟಿಯ ಒಂದು ಸಾಲಿನ ಮರೆಯಲ್ಲಿ ಜಾರಿಕೊಳ್ಳಲಾಗದು ಎಂಬುದು ಅದರ ತಿರುಳು. ಬೀದಿಬದಿಯಲ್ಲಿ ಕಾಸು ಕೊಟ್ಟು ಕೀಲಿ ಜೇಬಿನಲ್ಲೇ ಇಟ್ಟುಕೊಳ್ಳುವ ನಿಲುಗಡೆಗೆ ಈ ತೀರ್ಪು ಹಾಗೇ ಅನ್ವಯಿಸುವುದಿಲ್ಲ, ಒಪ್ಪಬೇಕು. ಆದರೂ ಸೈಕಲ್ ಸ್ಟ್ಯಾಂಡಿನವನು ಓದದೆಯೇ ಪಾಲಿಸಿದ ತತ್ವ ಇದೇ.

ಕಾರಿನ ಗೀರು ಉಳ್ಳವರ ದುಃಖ, ಫುಟ್‌ಪಾತೇ ಇಲ್ಲದ ಊರಿನಲ್ಲಿ ನಡೆಯುವವರ ಪಾಡು ಮೊದಲು ನೋಡಿ ಎಂಬ ಆಕ್ಷೇಪ ಗಟ್ಟಿಯಾದದ್ದು. ನಡೆಯುವವರೇ ಮೊದಲು ಎಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಫುಟ್‌ಪಾತನ್ನು ನುಂಗಿದ ಕಾರೂ ಪಕ್ಕದ ಕಾರಿಗೆ ಉಜ್ಜಿದ ಕಾರೂ ಒಂದೇ ಕೊರತೆಯಿಂದ ಬಂದವು. ಸಾಲದಲ್ಲಿ ಕೊಂಡ ಟ್ಯಾಕ್ಸಿಯವನಿಗೆ ಮುರಿದ ಕನ್ನಡಿ ಒಂದು ದಿನದ ದುಡಿಮೆ. ಇನ್ನು ಜಾಗವೇ ಇಲ್ಲ ಎನ್ನುವ ಮಾತು ಕೋಟೆಯೊಳಗಿನ ಹಳೇ ಪೇಟೆಯ ಮಟ್ಟಿಗೆ ಸರಿ. ಅಲ್ಲಿಗೆ ಕಾರು ಹೋಗಬೇಕೆಂಬ ಹಟವನ್ನೇ ಬಿಡಬೇಕಾದೀತು. ಉಳಿದ ಕಡೆ ಜಾಗವೆಂದರೆ ಹೊಸ ಬಯಲೇ ಆಗಬೇಕಿಲ್ಲ. ಸಂತೆ ಮೈದಾನ ವಾರದ ಉಳಿದ ದಿನಗಳಲ್ಲಿ ಹೇಗಿರುತ್ತದೆ ಎಂಬುದನ್ನು ಆಯಾ ಊರಿನವರೇ ನೋಡಿಕೊಳ್ಳಬಹುದು. ಕಾವಲಿಗೆ ಖರ್ಚು ಯಾರು ಕೊಡುತ್ತಾರೆ ಎಂಬುದು ಕೊನೆಯ ಪ್ರಶ್ನೆ. ಸಂತೆಯ ಸುಂಕ ಎತ್ತುವ ಹಕ್ಕನ್ನು ಹರಾಜು ಹಾಕುವುದು ನಮ್ಮ ಸ್ಥಳೀಯ ಸಂಸ್ಥೆಗಳಿಗೆ ಗೊತ್ತಿರುವ ವಿದ್ಯೆ. ನಿಲುಗಡೆಯ ಗುತ್ತಿಗೆಯನ್ನೂ ಹಾಗೇ ಕೂಗುವಾಗ ಸಾಲಿಗೊಬ್ಬ ಕಾವಲುಗಾರನಿರಬೇಕು, ಬಂದ ಹೋದ ವಾಹನದ ನಂಬರು ಬರೆದಿಡಬೇಕು, ತಗುಲಿಸಿದವನ ನಂಬರನ್ನು ಕೇಳಿದ ಮಾಲೀಕನಿಗೆ ಕೊಡಬೇಕು ಎಂದು ಷರತ್ತು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ನಗರಸಭೆಯ ಒಂದು ಠರಾವು ಸಾಕು.